ಬೆರಳಿನ ಒತ್ತು ಬಲ್ಲ ಕೀಬೋರ್ಡ್: ದಹ್ರಾನಿನ ಕನ್ನಡ ಮನೆಗಳಿಗೆ ಕೆಲವು ಕಿವಿಮಾತು

ದಹ್ರಾನ್, ಖೋಬರ್, ದಮ್ಮಾಮ್ ಸುತ್ತಿನ ನಮ್ಮವರ ಮನೆಗಳಲ್ಲಿ ಮಗುವಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಯಾವ ಕೀಬೋರ್ಡ್ ಕೊಡಿಸೋಣ? ಇಲ್ಲಿನ ಎಷ್ಟೋ ಮಕ್ಕಳ ಕೀಬೋರ್ಡು ಬಿಚ್ಚಿ, ಒರೆಸಿ, ಜೋಡಿಸಿ ಕೊಟ್ಟಿದ್ದೇನೆ. ಅವರಲ್ಲಿ ಕೆಲವರಿಗೆ ಸರಳೆ ವರಸೆಯನ್ನೂ ಹೇಳಿಕೊಟ್ಟಿದ್ದೇನೆ. ವಯಸ್ಸಿನಲ್ಲಿ ದೊಡ್ಡವನಾಗಿ ನಿಮಗೆ ಹೇಳಬೇಕಾದ ಮಾತು ಒಂದೇ. ಬೆರಳಿನ ಒತ್ತು ಗುರುತಿಸದ ಕೀಬೋರ್ಡನ್ನು ಕಲಿಯುವ ಮಗುವಿನ ಮುಂದೆ ಇಡಬೇಡಿ. ಕೆಳಗಿನದೆಲ್ಲ ಆ ಮಾತಿಗೆ ಸೇರಿದ ವಿವರ.

• ಮೊದಲ ಕೀಬೋರ್ಡೇ ಟಚ್ ರೆಸ್ಪಾನ್ಸ್, ಅಂದರೆ ಬೆರಳಿನ ಒತ್ತು ಗುರುತಿಸುವ ಗುಣ, ಇರುವುದಾಗಲಿ. "ಮಗು ಮುಂದುವರಿಸುತ್ತೋ ಇಲ್ಲವೋ, ಸದ್ಯಕ್ಕೆ ಅಗ್ಗದ್ದು ಸಾಕು" ಎಂಬ ಲೆಕ್ಕವನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಮೆಲ್ಲಗೆ ಒತ್ತಿದರೂ ಅದೇ ಸದ್ದು, ಗಟ್ಟಿಯಾಗಿ ಒತ್ತಿದರೂ ಅದೇ ಸದ್ದು ಎಂದಾದರೆ ಮಗುವಿನ ಬೆರಳು ಮೊದಲ ತಿಂಗಳಲ್ಲೇ ಒತ್ತಿನ ಕಡೆ ಗಮನ ಕೊಡುವುದನ್ನು ಬಿಟ್ಟುಬಿಡುತ್ತದೆ. ಆಮೇಲೆ ಒಳ್ಳೆಯ ವಾದ್ಯ ತಂದುಕೊಟ್ಟರೂ ಎಲ್ಲ ಸ್ವರವೂ ಒಂದೇ ಮಟ್ಟದಲ್ಲಿ ಬಡಿಯುತ್ತದೆ. ಕಲಿಸುವುದಕ್ಕಿಂತ ಮರೆಸುವುದು ಕಷ್ಟದ ಕೆಲಸ. ಬೆಲೆಯ ಅಂತರವೇನೂ ದೊಡ್ಡದಲ್ಲ. ಅದೇ ಸಾಲಿನ ಒಂದು ಮೆಟ್ಟಿಲು ಮೇಲಿನ ಮಾದರಿ ತೆಗೆದುಕೊಂಡರೆ ಸಾಕು. ಯಮಹಾದಲ್ಲಿ ಪಿಎಸ್ಆರ್-ಇ273ಕ್ಕೆ ಈ ಗುಣವಿಲ್ಲ, ಪಿಎಸ್ಆರ್-ಇ373ಕ್ಕೆ ಇದೆ. ಕ್ಯಾಸಿಯೊದಲ್ಲಿ ಸಿಟಿ-ಎಸ್200ಕ್ಕೆ ಇಲ್ಲ, ಸಿಟಿ-ಎಸ್300ಕ್ಕೆ ಇದೆ. ಇವೆಲ್ಲ 61 ಕೀಗಳವೇ, ನೋಡುವುದಕ್ಕೂ ಹೆಚ್ಚುಕಡಿಮೆ ಒಂದೇ ಥರ. ನೂರಾರು ಟೋನು, ನೂರಾರು ರಿದಂ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದದ್ದಕ್ಕೆ ಹಣ ಕೊಡಬೇಡಿ. ಈ ಒಂದು ಗುಣಕ್ಕೆ ಕೊಡಿ.

• ಒಳಗೆ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ತಿಳಿದಿಟ್ಟುಕೊಳ್ಳಿ. ಆಗ ಮುಂದಿನ ಅರ್ಧ ಮಾತುಗಳ ಕಾರಣ ತಾನಾಗಿಯೇ ಹೊಳೆಯುತ್ತದೆ. ಪ್ರತಿ ಕೀಯ ಕೆಳಗೆ ಒಂದು ಪುಟ್ಟ ರಬ್ಬರ್ ಗುಬುಟು. ಅದರೊಳಗೆ ಇಂಗಾಲದ ಎರಡು ಬಿಂದುಗಳು, ಎತ್ತರದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ. ಕೀ ಇಳಿಯುವಾಗ ಮೊದಲು ಒಂದು ತಗಲುತ್ತದೆ, ಕ್ಷಣದ ನಂತರ ಇನ್ನೊಂದು. ನಡುವಿನ ಆ ಸಮಯವನ್ನು ಒಳಗಿನ ಚಿಪ್ ಅಳೆಯುತ್ತದೆ. ಸಮಯ ಕಡಿಮೆಯಾದರೆ ಬೆರಳು ಬಿರುಸಾಗಿ ಬಂದಿದೆ, ಸದ್ದು ದೊಡ್ಡದು. ಸಮಯ ಹೆಚ್ಚಾದರೆ ಬೆರಳು ನಿಧಾನ, ಸದ್ದು ಮೆದು. ಹಾಗಾಗಿ ನಮ್ಮ ಮನೆಯ ಕೀಬೋರ್ಡ್ ಅಳೆಯುವುದು ಬೆರಳಿನ ತೂಕವನ್ನಲ್ಲ, ವೇಗವನ್ನು. ಆ ವೇಗಕ್ಕೆ 1ರಿಂದ 127ರೊಳಗೆ ಒಂದು ಸಂಖ್ಯೆ ಸಿಗುತ್ತದೆ. 1983ರಲ್ಲಿ ಬೇರೆ ಬೇರೆ ಕಂಪನಿಗಳು ಸೇರಿ ಒಪ್ಪಿಕೊಂಡ ಮಿಡಿ ಎಂಬ ಪದ್ಧತಿಯಿಂದಾಗಿ ಕೀಬೋರ್ಡು, ಕಂಪ್ಯೂಟರು ಎಲ್ಲವೂ ಇದೇ ಸಂಖ್ಯೆಯನ್ನು ಬಳಸುತ್ತವೆ. ಮಗುವಿಗೆ ಇಷ್ಟು ಹೇಳಿ: ಕೀ ತಳ ಮುಟ್ಟಿದ ಮೇಲೆ ಎಷ್ಟು ಅದುಮಿದರೂ ಸದ್ದು ಬೆಳೆಯುವುದಿಲ್ಲ, ಬೆರಳಿನ ಗೆಣ್ಣು ನೋಯುತ್ತದೆ, ಅಷ್ಟೆ.

• ಇದೊಂದು ಹೊಸ ಕಾಲದ ಅಲಂಕಾರವೆಂದು ತಿಳಿಯಬೇಡಿ. ಹಾರ್ಪ್ಸಿಕಾರ್ಡಿನ ತಂತಿ ಹೇಗೆ ಒತ್ತಿದರೂ ಒಂದೇ ಮಟ್ಟದಲ್ಲಿ ಮಿಡಿಯುತ್ತಿತ್ತು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಸುತ್ತಿಗೆಯಿಂದ ತಂತಿ ಹೊಡೆಯುವ ವಾದ್ಯ ಮಾಡಿದ್ದೇ ಆ ಕೊರತೆ ನೀಗಿಸಲು. ಪಿಯಾನೊ ಹುಟ್ಟಿದ್ದು ಹಾಗೆ. ವಿದ್ಯುತ್ ವಾದ್ಯಗಳ ಕಾಲದಲ್ಲಿ ಕೆನಡಾದ ಭೌತವಿಜ್ಞಾನಿ ಹ್ಯೂ ಲಿ ಕೇನ್ 1945ರಲ್ಲಿ ಎಲೆಕ್ಟ್ರಾನಿಕ್ ಸ್ಯಾಕ್‌ಬಟ್ ಎಂಬ ವಾದ್ಯ ಕಟ್ಟಲು ಶುರುಮಾಡಿದರು. ಅದರ ಕೀಯನ್ನು ಕೆಳಕ್ಕೆ ಅದುಮಿದಷ್ಟೂ ನಾದ ಬೆಳೆಯುತ್ತಿತ್ತು, ಪಕ್ಕಕ್ಕೆ ತಳ್ಳಿದರೆ ಸ್ವರ ಬಾಗುತ್ತಿತ್ತು. ನಮ್ಮ ಗಮಕಕ್ಕೆ ಬೇಕಾದದ್ದು ಅದೇ. 1970ರ ದಶಕದ ಕೊನೆಯಲ್ಲಿ ಯಮಹಾ ಸಿಎಸ್-80, 1983ರಲ್ಲಿ ಅದೇ ಕಂಪನಿಯ ಡಿಎಕ್ಸ್7 ಎಂಬ, ಒತ್ತು ಗುರುತಿಸುವ ಸಿಂಥಸೈಜರ್‌ಗಳು ಬಂದವು. ಡಿಎಕ್ಸ್7 ಸಾವಿರಾರು ವಾದಕರ ಕೈಗೆ ಈ ಗುಣವನ್ನು ತಲುಪಿಸಿತು. ಊರಲ್ಲಿ ನಿಮ್ಮ ಬಾಲ್ಯದ ಪುಟ್ಟ ಕೀಬೋರ್ಡಿನಲ್ಲಿ ಅದಿರಲಿಲ್ಲ ಎಂದು ಮಗುವಿಗೂ ಬೇಡ ಅನ್ನಬೇಡಿ.

• ಅಂಗಡಿಯಲ್ಲಿ ಪರೀಕ್ಷಿಸಿಯೇ ತನ್ನಿ. ರಿದಂ ನಿಲ್ಲಿಸಿ. ಟೋನು ಪಿಯಾನೊಗೆ ಇಡಿ. ಆರ್ಗನ್ ಟೋನು ಇಟ್ಟು ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ನಿಜವಾದ ಆರ್ಗನ್ನಿನಲ್ಲೇ ಒತ್ತಿಗೆ ಸದ್ದು ಬದಲಾಗುವುದಿಲ್ಲ. ಒಂದು ಕೀಯನ್ನು ಆದಷ್ಟು ಮೆಲ್ಲಗೆ, ಆಮೇಲೆ ಬಿರುಸಾಗಿ ಒತ್ತಿ. ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಬೀಳಬೇಕು. ಮುಂದೆ ಎಡತುದಿಯಿಂದ ಬಲತುದಿಯವರೆಗೆ ಕರಿ ಬಿಳಿ ಎರಡನ್ನೂ ಬಿಡದೆ ಒಂದೊಂದಾಗಿ ಮೆಲ್ಲಗೆ ಒತ್ತುತ್ತಾ ಹೋಗಿ. ನಡುವೆ ಒಂದು ಕೀ ಇದ್ದಕ್ಕಿದ್ದಂತೆ ಕಿರುಚಿದರೆ ಅಥವಾ ಸುಮ್ಮನಿದ್ದರೆ ಆ ಕೀಯ ಒಂದು ಸಂಪರ್ಕ ಕೆಟ್ಟಿದೆ ಎಂದರ್ಥ. ಅರಾಮ್ಕೊ ಕ್ಯಾಂಪು ಬಿಟ್ಟು ಹೋಗುವವರಿಂದ ಹಳೆಯದು ಕೊಳ್ಳುವಾಗ ಈ ಪರೀಕ್ಷೆ ಇನ್ನೂ ಮುಖ್ಯ. ಡಬ್ಬದ ಮೇಲೆ ಟಚ್ ಸ್ಕ್ರೀನು, ಟಚ್ ಬಟನ್ನು ಎಂದಿದ್ದರೆ ಅದು ಪರದೆಯ ಮಾತು, ಕೀಯದಲ್ಲ.

• ಐಪ್ಯಾಡಿನ ಗಾಜಿನ ಮೇಲೆ ಪಿಯಾನೊ ಕಲಿಸಬೇಡಿ. ಗಾಜಿಗೆ ಬೆರಳು ಎಲ್ಲಿದೆ ಎಂದು ಗೊತ್ತಾಗುತ್ತದೆ, ಹೇಗೆ ಇಳಿಯಿತು ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಸುರುಳಿ ಸುತ್ತುವ ರಬ್ಬರ್ ಕೀಬೋರ್ಡೂ ಬೇಡ. ಪುಟ್ಟ ಕೀಗಳ ಆಟಿಕೆಯಂತೂ ಬೇಡವೇ ಬೇಡ.

• ಜಂಟಿ ವರಸೆಯಲ್ಲಿ ಈ ವಾದ್ಯದ ನಿಜವಾದ ಲಾಭ ಕಾಣುತ್ತದೆ. ಹಾಡುವವರಿಗೂ ಪಿಟೀಲಿನವರಿಗೂ ಗುರುಗಳು ಹೇಳುವುದು ಒಂದೇ: ಸಸ ರಿರಿ ಗಗ ಮಮ ಎನ್ನುವಾಗ ಎರಡನೆಯ ಸ್ವರಕ್ಕೆ ಒತ್ತು ಕೊಡು. ಒತ್ತು ಗುರುತಿಸದ ಕೀಬೋರ್ಡಿನಲ್ಲಿ ಈ ಪಾಠ ನುಡಿಸುವುದು ಸಾಧ್ಯವೇ ಇಲ್ಲ. ಎರಡು ಸ್ವರಗಳೂ ಒಂದೇ ಮಟ್ಟದಲ್ಲಿ ಬಂದು ಜಂಟಿಯ ಉದ್ದೇಶವೇ ಕಳೆದುಹೋಗುತ್ತದೆ. ಒತ್ತು ಗುರುತಿಸುವುದರಲ್ಲಿ ಮೊದಲ ಸ ಮೆದುವಾಗಿ, ಎರಡನೆಯ ಸ ಎದ್ದು ಕೇಳುವ ಹಾಗೆ ಮಗು ನುಡಿಸಬಲ್ಲದು. ಮೊದಲ ಕಾಲದಲ್ಲಿ ನಿಧಾನವಾಗಿ ಮಾಡಿಸಿ. ಎರಡನೆಯ, ಮೂರನೆಯ ಕಾಲಕ್ಕೆ ಬಂದಾಗ ಒಂದು ಎಚ್ಚರ ಬೇಕು. ಎರಡು ಸಂಪರ್ಕಗಳ ಕೀಯಲ್ಲಿ ಬೆರಳು ಪೂರ್ತಿ ಮೇಲೇಳದೆ ಮತ್ತೆ ಒತ್ತಿದರೆ ಎರಡನೆಯ ಸ್ವರ ಹುಟ್ಟುವುದೇ ಇಲ್ಲ, ಹುಟ್ಟಿದರೂ ಒತ್ತಿನ ಅಳತೆ ತಪ್ಪುತ್ತದೆ. ಬೆರಳನ್ನು ಕೀ ಮೇಲೇಳುವವರೆಗೂ ಎತ್ತಿಸಿ. ದೊಡ್ಡ ಡಿಜಿಟಲ್ ಪಿಯಾನೊಗಳಲ್ಲಿ ಮೂರನೆಯ ಸಂಪರ್ಕವೊಂದು ಇರುತ್ತದೆ. ಅವುಗಳಲ್ಲಿ ಅರ್ಧ ಎತ್ತಿದರೂ ಸ್ವರ ಮರಳಿ ಬರುತ್ತದೆ.

ಸರಳೆಯನ್ನೂ ಹಾಗೆಯೇ ಮೂರು ಮಟ್ಟದಲ್ಲಿ ನುಡಿಸಲಿ: ಒಮ್ಮೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಕೇಳಿಸದಷ್ಟು ಮೆದುವಾಗಿ, ಒಮ್ಮೆ ಸಹಜವಾಗಿ, ಒಮ್ಮೆ ತುಂಬುದನಿಯಲ್ಲಿ. ಮೆದುವಾಗಿ ನುಡಿಸುವುದೇ ಹೆಚ್ಚು ಕಷ್ಟ. ಅದಕ್ಕೇ ಹೆಚ್ಚು ಹೊತ್ತು ಕೊಡಿ.

• ಟಚ್ ಸೆಟ್ಟಿಂಗನ್ನು ಮನೆಯಲ್ಲಿ ಒಬ್ಬರಾದರೂ ತೆರೆದು ನೋಡಿರಬೇಕು. ಮೆದು, ಮಧ್ಯಮ, ಗಡಸು ಎಂಬ ಹಂತಗಳ ಜೊತೆಗೆ ಫಿಕ್ಸೆಡ್ ಅಥವಾ ಆಫ್ ಎಂಬುದೂ ಒಂದಿರುತ್ತದೆ. ಮಗು ಆಟವಾಡುತ್ತಾ ಅದಕ್ಕೆ ಬದಲಾಯಿಸಿದರೆ ಅಷ್ಟು ಹಣ ಕೊಟ್ಟು ತಂದ ಗುಣವೇ ಮಾಯ. ಎಷ್ಟೋ ತಿಂಗಳು ಯಾರಿಗೂ ತಿಳಿಯುವುದೂ ಇಲ್ಲ. ಮಧ್ಯಮದಲ್ಲಿ ಇಡಿ. ತೀರಾ ಸಣ್ಣ ಕೈಗಳಿಗೆ ಮೊದಲ ಕೆಲವು ತಿಂಗಳು ಮೆದು ಹಂತ ಇರಲಿ, ಆಮೇಲೆ ಮಧ್ಯಮಕ್ಕೆ ತನ್ನಿ.

• ವಾಲ್ಯೂಮ್ ಗುಂಡಿಯನ್ನು ಒಂದು ಜಾಗದಲ್ಲಿ ನಿಲ್ಲಿಸಿ, ಅಲ್ಲಿ ಟೇಪಿನ ಗುರುತು ಹಾಕಿಡಿ. ವಾಲ್ಯೂಮ್ ಏರಿಸಿಕೊಂಡ ಮಗು ಬೆರಳಿಗೆ ಶ್ರಮ ಕೊಡುವುದಿಲ್ಲ, ಇಳಿಸಿಕೊಂಡ ಮಗು ಬಡಿಯಲು ತೊಡಗುತ್ತದೆ. ಸದ್ದು ಹೆಚ್ಚು ಕಡಿಮೆ ಆಗಬೇಕಾದದ್ದು ಬೆರಳಿನಿಂದ. ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೂ ಇದೇ ನಿಯಮ. ಆದರೆ ದಿನದ ಅಭ್ಯಾಸದಲ್ಲಿ ಸ್ವಲ್ಪ ಹೊತ್ತಾದರೂ ಹೆಡ್‌ಫೋನ್ ತೆಗೆಸಿ. ಮಗು ಮೆದುವಾಗಿ ನುಡಿಸಿದ್ದನ್ನು ಅಮ್ಮ ಅಪ್ಪ ಕೇಳಬೇಕು, ಕೇಳಿ ಹೇಳಬೇಕು.

• ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಗುರುಗಳು ವಿಡಿಯೊದಲ್ಲಿ ಪಾಠ ಹೇಳುತ್ತಿದ್ದರೆ ಈ ಮಾತು ನಿಮಗೆ. ಜೂಮಿನಂಥ ಆಪ್‌ಗಳು ಮಾತು ಸ್ಪಷ್ಟವಾಗಲೆಂದು ಮೆದು ಸದ್ದನ್ನು ಎತ್ತುತ್ತವೆ, ದೊಡ್ಡ ಸದ್ದನ್ನು ಅದುಮುತ್ತವೆ, ಎಳೆದ ಸ್ವರವನ್ನು ಫ್ಯಾನಿನ ಗದ್ದಲವೆಂದು ತಿಳಿದು ಕತ್ತರಿಸುತ್ತವೆ. ಮಗು ಎಷ್ಟು ಚೆನ್ನಾಗಿ ಒತ್ತು ಕೊಟ್ಟರೂ ಅಲ್ಲಿ ಕುಳಿತ ಗುರುಗಳಿಗೆ ಎಲ್ಲವೂ ಚಪ್ಪಟೆ. ಜೂಮಿನಲ್ಲಿ ಸಂಗೀತಗಾರರಿಗೆಂದೇ ಒರಿಜಿನಲ್ ಸೌಂಡ್ ಎಂಬ ಸೆಟ್ಟಿಂಗ್ ಇದೆ, ಪಾಠಕ್ಕೆ ಮೊದಲು ಅದನ್ನು ಹಾಕಿ. ಅದಾಗದಿದ್ದರೆ ಮಗು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಿ, ಗುರುಗಳು ಬಿಡುವಾಗಿ ಕೇಳಲಿ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಮ್ಮ ಸಂಜೆ ಏಳು ಅವರಿಗೆ ರಾತ್ರಿ ಒಂಬತ್ತೂವರೆ. ಗುರುಗಳ ಊಟ ನಿದ್ರೆಯ ಹೊತ್ತನ್ನು ಕಾಯ್ದುಕೊಳ್ಳಿ. ಶುಕ್ರವಾರ, ಶನಿವಾರದ ಬೆಳಗಿನ ಪಾಠ ಇಬ್ಬರಿಗೂ ಹಿತ.

• ಕೀಬೋರ್ಡನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಪ್ರತಿ ಒತ್ತಿನ ಸಂಖ್ಯೆಯನ್ನು ಪರದೆಯ ಮೇಲೆ ನೋಡಬಹುದು. ಅದಕ್ಕೆ ಉಚಿತ ತಂತ್ರಾಂಶಗಳು ಸಿಗುತ್ತವೆ. ಒಂದೇ ಸ್ವರವನ್ನು ಹತ್ತು ಸಲ ನುಡಿಸಿ ಸಂಖ್ಯೆ 60ರ ಆಸುಪಾಸಿನಲ್ಲೇ ನಿಲ್ಲುತ್ತದೆಯೇ ನೋಡಲಿ. ಉಂಗುರ ಬೆರಳು, ಕಿರುಬೆರಳುಗಳು ಎಲ್ಲ ಮಕ್ಕಳಲ್ಲೂ ಹಿಂದೆ ಬೀಳುತ್ತವೆ. ಸಂಖ್ಯೆ ಅದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ವಾರಕ್ಕೊಮ್ಮೆ ಸಾಕು. ದಿನವೂ ಮಾಡಿಸಿದರೆ ಮಗು ಕಿವಿ ಬಿಟ್ಟು ಕಣ್ಣಿನಿಂದ ನುಡಿಸಲು ಶುರುಮಾಡುತ್ತದೆ.

• ಮನೆಯಲ್ಲಿ ಅಜ್ಜನ ಹಾರ್ಮೋನಿಯಂ ನುಡಿಸಿ ಬಂದ ಮಗುವಿಗೆ ಸ್ವಲ್ಪ ಹೆಚ್ಚು ತಾಳ್ಮೆ ಕೊಡಿ. ಹಾರ್ಮೋನಿಯಂನಲ್ಲಿ ಸದ್ದಿನ ಏರಿಳಿತ ಪೂರ್ತಿ ತಿದಿಯ ಕೈಯಲ್ಲಿದೆ. ಬೆರಳು ಗಾಳಿಗೆ ದಾರಿ ಬಿಡುತ್ತದೆ, ಅಷ್ಟೆ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯಂಥವರ ವಾದನ ಕೇಳಿದವರಿಗೆ ತಿದಿಯ ಕೈ ಎಷ್ಟು ಸೂಕ್ಷ್ಮವಾಗಬಲ್ಲದೆಂದು ಗೊತ್ತು. ಕೀಬೋರ್ಡಿನಲ್ಲಿ ತಿದಿಯ ಕೆಲಸವಿಲ್ಲ, ಅದರ ಹೊಣೆಯೆಲ್ಲ ಬಲಗೈ ಬೆರಳಿಗೆ ಬೀಳುತ್ತದೆ. ಆ ಮಗುವಿಗೆ ಸ್ವರಜ್ಞಾನ ಮೊದಲೇ ಇರುತ್ತದೆ, ಒತ್ತನ್ನು ಮಾತ್ರ ಹೊಸದಾಗಿ ಕಲಿಸಬೇಕು. ಕೀಬೋರ್ಡಿನಲ್ಲೇ ಹಾರ್ಮೋನಿಯಂ ಟೋನು ಇಟ್ಟುಕೊಂಡು ಅಭ್ಯಾಸ ಮಾಡಿಸಬೇಡಿ. ಪಿಯಾನೊ ಟೋನಿನಲ್ಲಿ ಕಲಿತು, ಹಾಡಿಗೆ ಬೇಕಾದಾಗ ಹಾರ್ಮೋನಿಯಂಗೆ ಬದಲಾಯಿಸಿಕೊಳ್ಳಲಿ.

• ಗಮಕದ ವಿಷಯದಲ್ಲಿ ಮಗುವಿಗೆ ಸುಳ್ಳು ಹೇಳಬೇಡಿ. ಕೀಗಳ ವಾದ್ಯದಲ್ಲಿ ಸ್ವರಗಳು ಬಿಡಿಬಿಡಿ. ಒಂದರಿಂದ ಇನ್ನೊಂದಕ್ಕೆ ಜಾರಲು ದಾರಿಯಿಲ್ಲ. ಇದೇ ಕಾರಣ ಮುಂದಿಟ್ಟು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ಅದು ಸಡಿಲವಾಗಲು 1971 ಬರಬೇಕಾಯಿತು. ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಹಾರ್ಮೋನಿಯಂಗಿಲ್ಲದ ಒಂದು ಅನುಕೂಲವಿದೆ, ಅದು ಎಡತುದಿಯ ಪಿಚ್ ಬೆಂಡ್ ಚಕ್ರ. ಚೆನ್ನೈನ ಕೆ. ಸತ್ಯನಾರಾಯಣನ್ ಅವರು ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ಮಾಡುತ್ತಾ ಬಂದಿರುವುದು ಸ್ವರ ಬಾಗಿಸುವ ಈ ಸೌಲಭ್ಯವನ್ನು ಎಡಗೈಯಲ್ಲಿ ಪಳಗಿಸಿಕೊಂಡು. ಸಾಮಾನ್ಯವಾಗಿ ಚಕ್ರ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರದಷ್ಟು ಬಾಗಿಸುತ್ತದೆ. ಕಲಿಯುವವರಿಗೆ ಅಷ್ಟು ಸಾಕು.

ಇಲ್ಲಿಯೂ ಒತ್ತಿನ ಮಾತು ಬರುತ್ತದೆ. ಚಕ್ರದಲ್ಲಿ ಸ್ವರವನ್ನು ತೂಗುವಾಗ ಬಲಗೈ ಬೆರಳು ಒಂದೇ ಸಲ ಇಳಿದಿರುತ್ತದೆ. ಆ ಒಂದು ಒತ್ತು ಎಷ್ಟಿತ್ತೋ ಅದರ ಮೇಲೆ ಗಮಕದ ಅಷ್ಟೂ ಚಲನೆ ನಿಂತಿರುತ್ತದೆ. ಒತ್ತು ಕಡಿಮೆಯಾದರೆ ವೀಣೆಯ ಟೋನಿನಲ್ಲಿ ಗಮಕ ಮುಗಿಯುವ ಮೊದಲೇ ನಾದ ಸತ್ತುಹೋಗುತ್ತದೆ. ಕರ್ನಾಟಕ ಸಂಗೀತವನ್ನೇ ಕಲಿಸುವುದು ನಿಮ್ಮ ಉದ್ದೇಶವಾದರೆ ಚಕ್ರವಿಲ್ಲದ ಮಾದರಿಯನ್ನು ಕೊಳ್ಳಬೇಡಿ. ಮೇಲೆ ಹೇಳಿದ ಪಿಎಸ್ಆರ್-ಇ373ರಲ್ಲಿ ಚಕ್ರವಿಲ್ಲ, ಸಿಟಿ-ಎಸ್300ರಲ್ಲಿ ಇದೆ.

ಬೆರಳನ್ನು ಪಕ್ಕಕ್ಕೆ ಅಲುಗಿಸಿದರೆ ಸ್ವರ ಬಾಗುವ ವಾದ್ಯಗಳೂ ಈಗ ಬಂದಿವೆ. ಸೀಬೋರ್ಡ್, ಲಿನ್‌ಸ್ಟ್ರುಮೆಂಟ್, ಆಸ್ಮೋಸ್ ಅಂಥವು. ಪ್ರತಿ ಬೆರಳಿಗೂ ಬೇರೆ ಬೇರೆ ಬಾಗು ಕಳಿಸುವ ಪದ್ಧತಿಯನ್ನು 2018ರಲ್ಲಿ ಮಿಡಿಗೆ ಸೇರಿಸಿದರು. ಗಮಕಕ್ಕೆ ಇವು ನಿಜವಾಗಿ ಒದಗುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಬೆಲೆ ಬಹಳ. ಮೊದಲ ಐದು ವರ್ಷ ಆ ಕಡೆ ನೋಡಬೇಡಿ. ಆಫ್ಟರ್‌ಟಚ್, ಅಂದರೆ ಕೀ ತಳ ಮುಟ್ಟಿದ ಮೇಲಿನ ಅದುಮನ್ನೂ ಗುರುತಿಸುವ ಗುಣ, ಇದೆ ಎಂದು ಹೆಚ್ಚು ಹಣ ಕೇಳುವ ಮಾದರಿಗೂ ಮಕ್ಕಳ ಮಟ್ಟದಲ್ಲಿ ಅದೇ ಮಾತು.

• ಪ್ಲಗ್ ಚುಚ್ಚುವ ಮೊದಲು ಅಡಾಪ್ಟರಿನ ಮೇಲಿನ ಅಕ್ಷರ ಓದಿ. ಬೇರೆ ಊರಿನವರಿಗೆ ಇದು ಸಣ್ಣ ವಿಷಯ, ದಹ್ರಾನಿನವರಿಗೆ ಅಲ್ಲ. ಅಮೆರಿಕನ್ನರು ಕಟ್ಟಿದ ಅರಾಮ್ಕೊ ಕ್ಯಾಂಪಿನ ಮನೆಗಳಲ್ಲಿ ಅಮೆರಿಕದ ಸಾಕೆಟ್ಟು, 110–120 ವೋಲ್ಟು. ಗೇಟು ದಾಟಿ ಖೋಬರಿಗೆ ಬಂದರೆ 220ರಿಂದ 230. ಹಳೆಯ ಕಟ್ಟಡಗಳಲ್ಲಿ ಒಂದೇ ಮನೆಯೊಳಗೆ ಎರಡೂ ಬಗೆ ಸಿಗುತ್ತವೆ. ಅಡಾಪ್ಟರಿನ ಮೇಲೆ 100–240 ಎಂದಿದ್ದರೆ ಎಲ್ಲಿ ಬೇಕಾದರೂ ಹಾಕಿ. ಬರೀ 220 ಅಥವಾ 230 ಎಂದಿರುವ, ಊರಿಂದ ತಂದ ಭಾರದ ಅಡಾಪ್ಟರನ್ನು ಕ್ಯಾಂಪಿನಲ್ಲಿ ಹಾಕಿದರೆ ಅರ್ಧ ವೋಲ್ಟೇಜು ಬಂದು ಕೀಬೋರ್ಡ್ ಹತ್ತುವುದಿಲ್ಲ, ಹತ್ತಿದರೂ ನಡುವೆ ಆರಿಹೋಗುತ್ತದೆ. ಬರೀ 120 ಎಂದಿರುವುದನ್ನು ಖೋಬರಿನಲ್ಲಿ ಹಾಕಿದರೆ ಸುಟ್ಟೇಹೋಗುತ್ತದೆ.

ಇನ್ನೊಂದು ಅಪಾಯ ಪಿನ್ನಿನದು. ಯಮಹಾ ಕೀಬೋರ್ಡುಗಳಿಗೆ ಸಾಮಾನ್ಯವಾಗಿ 12 ವೋಲ್ಟು, ಪಿನ್ನಿನ ನಡುವೆ ಧನ. ಹಳೆಯ ಕ್ಯಾಸಿಯೊ ಹಲವಕ್ಕೆ 9 ವೋಲ್ಟು, ನಡುವೆ ಋಣ. ಪಿನ್ ಹಿಡಿಸಿತೆಂದು ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡಿ. ಬ್ಯಾಟರಿ ಹಾಕಿದ್ದರೆ, ರಜೆಗೆ ಊರಿಗೆ ಹೊರಡುವ ಮುನ್ನ ಹೊರತೆಗೆದಿಡಿ. ಬಿಸಿಲುಕಾಲದಲ್ಲಿ ಮುಚ್ಚಿದ ಮನೆಯಲ್ಲಿ ಸೋರಿ ಒಳಭಾಗವನ್ನೆಲ್ಲ ತಿಂದುಹಾಕುತ್ತದೆ.

• ಬೇಸಿಗೆಯಲ್ಲಿ ಎಸಿ ಕೋಣೆಯಿಂದ ಕೀಬೋರ್ಡನ್ನು ಬರಿಮೈಯಲ್ಲಿ ಹೊರಗೆ ಒಯ್ಯಬೇಡಿ. 2003ರ ಜುಲೈ 8ರಂದು ಇದೇ ದಹ್ರಾನಿನಲ್ಲಿ ಇಬ್ಬನಿ ಬಿಂದು 35 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜಗತ್ತಿನಲ್ಲಿ ಅಳೆದದ್ದರಲ್ಲೇ ಅದು ಅತಿ ಹೆಚ್ಚಿನದು. ಅಂಥ ದಿನ 35 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಗಾಳಿಯ ತೇವ ನೀರಾಗಿ ಕೂರುತ್ತದೆ. ಕನ್ನಡಕದ ಗಾಜು ಮಂಜಾಗುವುದನ್ನು ನೀವೆಲ್ಲ ನೋಡಿದ್ದೀರಿ. 22 ಡಿಗ್ರಿಯಲ್ಲಿದ್ದ ಕೀಬೋರ್ಡಿನ ಒಳಗಿನ ಸಂಪರ್ಕಗಳ ಮೇಲೂ ಅದೇ ನೀರು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಚೀಲದಲ್ಲಿ ಹಾಕಿ ಜಿಪ್ ಪೂರ್ತಿ ಎಳೆದು ಒಯ್ಯಿರಿ. ತಲುಪಿದ ಮೇಲೆ ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ, ಅಲ್ಲಿಯವರೆಗೆ ಸ್ವಿಚ್ ಹಾಕಬೇಡಿ. ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ. ರಬ್ಬರೂ ಪ್ಲಾಸ್ಟಿಕ್ಕೂ ಆ ಕಾವಿಗೆ ಮಾಡಿದವಲ್ಲ.

• ಶಮಾಲ್ ಗಾಳಿ ಬೀಸುವ ಜೂನ್, ಜುಲೈನಲ್ಲಿ ಹೊದಿಕೆ ಹಾಕದೆ ಕೀಬೋರ್ಡನ್ನು ಬಿಡಬೇಡಿ. ಕಿಟಕಿ ಮುಚ್ಚಿದ್ದರೂ ಇಲ್ಲಿನ ಧೂಳು ಹಿಟ್ಟಿನಷ್ಟು ನಯವಾಗಿ ಒಳಗೆ ಬರುತ್ತದೆ. ಕೀಗಳ ಸಂದಿನಿಂದ ಇಳಿದು ಆ ರಬ್ಬರ್ ಗುಬುಟಿನ ಕೆಳಗೆ ಸೇರುತ್ತದೆ. ಎರಡು ಸಂಪರ್ಕಗಳಲ್ಲಿ ಒಂದಕ್ಕೆ ಧೂಳು ಹಿಡಿದರೆ ಸಮಯದ ಅಳತೆ ತಪ್ಪುತ್ತದೆ. ಮೆಲ್ಲಗೆ ಒತ್ತಿದರೂ ಆ ಕೀ ಅಬ್ಬರಿಸುತ್ತದೆ, ಇಲ್ಲವೇ ಮೌನವಾಗುತ್ತದೆ. ಮಗುವಿನ ಬೆರಳಿನ ತಪ್ಪೆಂದು ಬೈಯುವ ಮೊದಲು ನೀವೇ ಆ ಕೀ ಒತ್ತಿ ನೋಡಿ.

ದುರಸ್ತಿ ಅಷ್ಟೇನೂ ಕಷ್ಟವಲ್ಲ. ವಾರಂಟಿ ಮುಗಿದಿರಬೇಕು, ಕೈ ನಿಧಾನವಾಗಿರಬೇಕು. ಅಡಾಪ್ಟರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ತಿರುಗಿಸಿ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಉದ್ದ ಗಿಡ್ಡ ಬೇರೆ ಬೇರೆ ಇಡಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ. ಬೋರ್ಡಿನ ಕಪ್ಪು ಬಿಂದುಗಳನ್ನೂ ರಬ್ಬರಿನ ಕಪ್ಪು ಬಿಂದುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ. ಉಜ್ಜಿದರೆ ಇಂಗಾಲವೇ ಎದ್ದುಬರುತ್ತದೆ. ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬಾಗಿಲಿನ ತಿರುಗಣಿಗೆ ಹಾಕುವ ಎಣ್ಣೆ ಸ್ಪ್ರೇಯನ್ನು ಎಂದೂ ಹೊಡೆಯಬೇಡಿ. ರಬ್ಬರ್ ಉಬ್ಬಿ ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ.

• ರಾಜ್ಯೋತ್ಸವಕ್ಕೆ ಮಗು ವೇದಿಕೆ ಹತ್ತುವಾಗ ಹಾಡುವವರ ದನಿಗಿಂತ ಕೆಳಗೆ ನುಡಿಸುವುದನ್ನು ಕಲಿಸಿ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಬಳಸಿ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿದೆ. ಅಭ್ಯಾಸವನ್ನೂ ಗಡಿಯಾರ ಇಟ್ಟುಕೊಂಡೇ ಮಾಡಿಸಿ. ಭಾವಗೀತೆಗೆ ಸಾಥ್ ಕೊಡುವಾಗ ಸಾಹಿತ್ಯ ಇರುವಲ್ಲಿ ಮೆದು, ಸಾಲು ಮುಗಿದ ಬಿಡುವಿನಲ್ಲಿ ಮಾತ್ರ ಸ್ವಲ್ಪ ಒತ್ತು. ಇದನ್ನು ಮಾಡಬಲ್ಲ ಮಗುವನ್ನು ಯಾವ ಹಾಡುಗಾರರಾದರೂ ಮತ್ತೆ ಕರೆಯುತ್ತಾರೆ. ಸೌಂಡಿನವರ ಬಳಿ ಮೊದಲೇ ಮಾತಾಡಿ: ಮಗುವಿನ ಅತಿ ಮೆದು, ಅತಿ ಜೋರು ಎರಡನ್ನೂ ಕೇಳಿಸಿ, ನಡುವೆ ಗುಂಡಿ ತಿರುಗಿಸಬೇಡಿ ಎಂದು ಕೇಳಿಕೊಳ್ಳಿ. 25 ಕಿಲೋಮೀಟರಿನ ಕಾಸ್‌ವೇ ದಾಟಿ ಬಹ್ರೇನ್ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗುವವರು, ಗಡಿಯಲ್ಲಿ ಕೇಳಿದರೆ ತೋರಿಸಲು, ಕೀಬೋರ್ಡಿನ ರಸೀದಿಯನ್ನು ಚೀಲದಲ್ಲಿಟ್ಟುಕೊಂಡಿರಿ.

• ಅಜಾನ್ ಕೇಳಿದಾಗ ನುಡಿಸುವುದನ್ನು ನಿಲ್ಲಿಸಿ. ಈ ನೆಲದಲ್ಲಿ ನಾವು ಬಾಳುವ ರೀತಿಗೆ ಇದು ಸೇರಿದ್ದು, ಮಗುವಿಗೆ ಹೇಳದೆಯೂ ರೂಢಿಯಾಗಬೇಕು. ರಂಜಾನಿನಲ್ಲಿ ಹಗಲು ಹೆಡ್‌ಫೋನ್ ಸಾಕು. ಸೌದಿಯಲ್ಲೂ ಸಂಗೀತಕ್ಕೆ ಈಗ ಬಾಗಿಲು ತೆರೆದಿದೆ. 2020ರಲ್ಲಿ ಸಂಸ್ಕೃತಿ ಸಚಿವಾಲಯದ ಕೆಳಗೆ ಸಂಗೀತ ಆಯೋಗವೇ ಸ್ಥಾಪನೆಯಾಯಿತು. ದಹ್ರಾನಿನ ಇತ್ರಾ ಕೇಂದ್ರದಲ್ಲಿ ಪಿಯಾನೊ ಅಥವಾ ಊದ್ ಕಛೇರಿ ಇದ್ದಾಗ ಮಕ್ಕಳನ್ನು ಕರೆದೊಯ್ಯಿರಿ. ಮೆದುವಾಗಿ ನುಡಿಸಿದ್ದು ಕೊನೆಯ ಸಾಲಿಗೂ ಹೇಗೆ ಕೇಳಿಸುತ್ತದೆ ಎಂಬುದನ್ನು ಕಿವಿಯಾರೆ ಕೇಳಲಿ.

• ಪಾಶ್ಚಾತ್ಯ ಪಿಯಾನೊ ಪರೀಕ್ಷೆ ಕಟ್ಟುವ ಯೋಚನೆಯಿದ್ದರೆ 61 ಕೀಗಳ ಹಗುರ ಕೀಬೋರ್ಡ್ ಬಹುಕಾಲ ಸಾಲದು. 88 ಕೀಗಳ, ಸುತ್ತಿಗೆಯ ಭಾರವಿರುವ ಡಿಜಿಟಲ್ ಪಿಯಾನೊಗೆ ಹೋಗಬೇಕು. ತೂಕ ಹನ್ನೊಂದು ಕಿಲೋ ಆಸುಪಾಸು, ರಜೆಗೆ ಊರಿಗೆ ಒಯ್ಯುವ ಮಾತಿಲ್ಲ. ಕೊಳ್ಳುವ ಮೊದಲು ಆ ಪರೀಕ್ಷೆಯ ಪಠ್ಯಕ್ರಮದಲ್ಲಿ ವಾದ್ಯದ ಬಗ್ಗೆ ಏನು ಬರೆದಿದೆ ಎಂದು ಓದಿ. ಭಾವಗೀತೆ, ದೇವರನಾಮ, ವರ್ಣ, ಕೀರ್ತನೆಯ ದಾರಿ ಹಿಡಿಯುವ ಮಗುವಿಗೆ 61 ಕೀ ಧಾರಾಳ.

• ಫೈನಲ್ ಎಕ್ಸಿಟ್ ಹಾಕಿ ಊರಿಗೆ ಹೊರಡುವವರಲ್ಲಿ ಒಂದು ವಿನಂತಿ. ನಿಮ್ಮ ಮಕ್ಕಳು ಬೆಳೆದು ದೊಡ್ಡದಕ್ಕೆ ಹೋಗಿದ್ದರೆ ಹಳೆಯ ಕೀಬೋರ್ಡನ್ನು ಗೋದಾಮಿಗೋ ಗುಜರಿಗೋ ಹಾಕಬೇಡಿ. ಎಲ್ಲ ಕೀಗಳನ್ನೂ ಒಮ್ಮೆ ಮೆಲ್ಲಗೆ ಒತ್ತಿ ನೋಡಿ, ಕೆಟ್ಟ ಸಂಪರ್ಕ ಒರೆಸಿ, ಈಗಷ್ಟೇ ಬಂದ ಇನ್ನೊಂದು ಮನೆಯ ಮಗುವಿಗೆ ಕೊಟ್ಟು ಹೋಗಿ. ಕೊಡುವಾಗ ಅದರದೇ ಅಡಾಪ್ಟರನ್ನು ಚೀಲದೊಳಗೆ ಕಟ್ಟಿ, ಎಷ್ಟು ವೋಲ್ಟಿನದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಕೊಡಿ.